ರೆಕ್ಕೆ ಹಿಗ್ಗಿತು, ವೇಗ ತಗ್ಗಿತು

ಕದರಮಂಡಲಗಿಯಲ್ಲಿ ಮೆಕ್ಕೆಜೋಳ ಕೊಯ್ದ ಮೇಲೆ ನಮಗೆ ಸಿಗುವ ‘ರನ್‌ವೇ’ ಎಂದರೆ ಕಾಕಾನ ಹೊಲ. ಉದ್ದ ನೂರು ಮೀಟರ್ ಇದ್ದೀತು. ಎರಡೂ ಬದಿಗೆ ಬೇರೆಯವರ ಮೆಣಸಿನಗಿಡ, ಅದೂ ಹಣ್ಣಾಗುವ ಕಾಲದ ಬ್ಯಾಡಗಿ ಮೆಣಸಿನಕಾಯಿ. ನನ್ನ ರೇಡಿಯೊ ಕಂಟ್ರೋಲ್ ವಿಮಾನ ಅಲ್ಲಿ ಬಿದ್ದು ಗಿಡ ಮುರಿದರೆ ಉತ್ತರ ಹೇಳಬೇಕಾದವರು ಕಾಕಾ. ‘ಏ ತಮ್ಮಾ, ಇದನ್ನ ಸ್ವಲ್ಪ ಸಾವಕಾಶ ಹಾರಿಸಾಕ ಬರಂಗಿಲ್ಲೇನು?’ ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. 80 ಸೆಂ.ಮೀ. ರೆಕ್ಕೆಯ ಆ ವಿಮಾನ ಹತ್ತು ಸೆಕೆಂಡಿನಲ್ಲಿ ಹೊಲ ದಾಟುತ್ತಿತ್ತು. ಡಿಪ್ಲೊಮಾ ಓದುವ ನನ್ನ ತಮ್ಮ ಆಗಷ್ಟೇ ಕಲಿಯುತ್ತಿದ್ದ. ಅವನು ತಿರುಗಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅದು ಮೆಣಸಿನಗಿಡದ ಮೇಲಿರುತ್ತಿತ್ತು.

ಥ್ರಾಟಲ್ ಇಳಿಸಿದರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ಒಂದು ಮಿತಿಗಿಂತ ನಿಧಾನವಾದರೆ ರೆಕ್ಕೆ ತೂಕ ಹೊರಲಾರದು, ವಿಮಾನ ದಬಕ್ಕನೆ ಬೀಳುತ್ತದೆ. ಇದೇ ಸ್ಟಾಲ್. ಆ ಮಿತಿ ಮುಖ್ಯವಾಗಿ ವಿಂಗ್ ಲೋಡಿಂಗ್ ಮೇಲೆ, ಅಂದರೆ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಅಂಕಿಯ ಮೇಲೆ ನಿಂತಿದೆ. ಸ್ಟಾಲ್ ವೇಗ ಅದರ ವರ್ಗಮೂಲದಂತೆ ಏರಿಳಿಯುತ್ತದೆ.

ಹಾಗಾದರೆ ನಕ್ಷೆಯನ್ನೇ ಒಂದೂವರೆ ಪಟ್ಟು ಹಿಗ್ಗಿಸೋಣ ಎಂದೆ. ಇಲ್ಲೇ ಮಜಾ ಇರುವುದು. ಉದ್ದ, ಅಗಲ ಒಂದೂವರೆ ಪಟ್ಟಾದರೆ ವಿಸ್ತೀರ್ಣ 2.25 ಪಟ್ಟು. ಆದರೆ ದಪ್ಪವೂ ಸೇರಿ ಎಲ್ಲವನ್ನೂ ಹಿಗ್ಗಿಸಿದರೆ ತೂಕ 3.375 ಪಟ್ಟು! ಆಗ ದೊಡ್ಡ ವಿಮಾನ ಚಿಕ್ಕದಕ್ಕಿಂತ ಜೋರಾಗಿಯೇ ಹಾರಬೇಕಾಗುತ್ತದೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ವರ್ಗ-ಘನ ನಿಯಮ ಇದೇ.

ಅದಕ್ಕೇ ಮೋಟರ್, ಬ್ಯಾಟರಿ, ರಿಸೀವರ್, ಸರ್ವೊ ಎಲ್ಲ ಹಳೆಯವನ್ನೇ ಇಟ್ಟೆ. ಅವು ಒಟ್ಟು 300 ಗ್ರಾಂ. ಫೋಮ್ ಹಾಳೆಯೂ ಅದೇ 5 ಮಿ.ಮೀ. ದಪ್ಪದ್ದು. ಹೀಗಾಗಿ 200 ಗ್ರಾಂ ಇದ್ದ ಒಡಲು 450 ಗ್ರಾಂಗೆ ನಿಂತಿತು. ಬಾಲಕ್ಕೆ 3 ಮಿ.ಮೀ. ಹಾಳೆ ಹಾಕಿ ಉಳಿಸಿದ ತೂಕ, ರೆಕ್ಕೆ ಬಾಗದಂತೆ ಒಳಗೆ ಕೂರಿಸಿದ ಬಿದಿರಿನ ಸೀಳಿಗೆ ಹೋಯಿತು. ಬ್ಯಾಟರಿಯನ್ನು ಮೂತಿಯ ಕಡೆ ಇನ್ನಷ್ಟು ಸರಿಸಬೇಕಾಯಿತು. ಒಡಲು ಮಾತ್ರ ಭಾರವಾದ್ದರಿಂದ ಗುರುತ್ವ ಕೇಂದ್ರ ಹಿಂದಕ್ಕೆ ಜಾರಿತ್ತು.

ಒಟ್ಟು ತೂಕ 500 ಗ್ರಾಂ ಇದ್ದದ್ದು 750 ಆಯಿತು. ವಿಂಗ್ ಲೋಡಿಂಗ್ ಚದರ ಡೆಸಿಮೀಟರಿಗೆ 39 ಗ್ರಾಂನಿಂದ 26ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಸ್ಟಾಲ್ ವೇಗ ಗಂಟೆಗೆ 29 ಕಿ.ಮೀ.ನಿಂದ 24ಕ್ಕೆ. ಐದೇ ಕಿ.ಮೀ. ಎಂದು ನಗಬೇಡಿ. ತಿರುವಿನ ಸುತ್ತಳತೆ ವೇಗದ ವರ್ಗದಂತೆ ಕಡಿಮೆಯಾಗುವುದರಿಂದ, ಅಷ್ಟೇ ವಾಲಿಸಿದರೂ ವಿಮಾನ ಮೂರನೇ ಎರಡು ಭಾಗ ಜಾಗದಲ್ಲಿ ತಿರುಗುತ್ತದೆ. ಕಾಕಾನ ಹೊಲಕ್ಕೆ ಬೇಕಿದ್ದದ್ದು ಅದೇ. ನಮ್ಮೂರ ಮೇಲೆ ಸುತ್ತುವ ಹದ್ದಿನ ತೂಕವೂ ರೆಕ್ಕೆಯೂ ಹೆಚ್ಚುಕಡಿಮೆ ಇಷ್ಟೇ ಎಂಬುದು ಆಮೇಲೆ ಗೊತ್ತಾಗಿ ಖುಷಿಯಾಯಿತು.

ದೊಡ್ಡ ವಿಮಾನಗಳಲ್ಲೂ ಇದು ನಡೆದಿದೆ. ಅಮೆರಿಕದ ಬರ್ಟ್ ರುಟಾನ್ 1975ರಲ್ಲಿ ಹಾರಿದ ತಮ್ಮ ವೇರಿಈಝಿ ವಿಮಾನವನ್ನು ಹಿಗ್ಗಿಸಿ, 1979ರ ಹೊತ್ತಿಗೆ ಲಾಂಗ್-ಈಝಿ ಮಾಡಿದರು. ತೂಕ ಹೆಚ್ಚಿತು, ರೆಕ್ಕೆಯ ವಿಸ್ತೀರ್ಣ ಅದಕ್ಕಿಂತ ಹೆಚ್ಚು ಬೆಳೆಯಿತು. ಆ ವಿನ್ಯಾಸದ ಮೇಲೆಯೇ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಪ್ರೊ. ರುಸ್ತುಂ ದಮಾನಿಯಾ ಅವರ ತಂಡ ಹಗುರ ವಿಮಾನವೊಂದನ್ನು ಕಟ್ಟಿತು. ಮುಂದೆ ಡಿಆರ್‌ಡಿಒದ ಮಾನವರಹಿತ ವಿಮಾನ ರುಸ್ತುಂ-1 ಹುಟ್ಟಿದ್ದು ಅದರಿಂದ. ಹೆಸರು ಬಂದದ್ದೂ ಅವರಿಂದಲೇ.

ನಿಧಾನಕ್ಕೆ ಬೆಲೆಯೂ ಇದೆ. 15 ಕಿ.ಮೀ. ಗಾಳಿ ಬೀಸಿದರೆ ನನ್ನ ಹೊಸ ವಿಮಾನ ಎದುರುಗಾಳಿಯಲ್ಲಿ ತೆವಳುತ್ತದೆ. ಹಾಗಾಗಿ ನಮ್ಮದು ಬೆಳಿಗ್ಗೆ ಏಳರೊಳಗಿನ ಹಾರಾಟ. ಸಂಕ್ರಾಂತಿಯ ಮುನ್ನಾ ದಿನ ತಮ್ಮ ಒಬ್ಬನೇ ಒಂಬತ್ತು ನಿಮಿಷ ಹಾರಿಸಿ, ಹೊಲದೊಳಗೇ ಇಳಿಸಿದ. ಈಗ ರೆಕ್ಕೆಯಡಿ 60 ಗ್ರಾಂ ಕ್ಯಾಮೆರಾ ಕಟ್ಟೋಣ ಎನ್ನುತ್ತಿದ್ದಾನೆ. ಮೊದಲು ಭಾಗಿಸು ಎಂದೆ. ಮೊಬೈಲ್ ತೆಗೆದು ಭಾಗಿಸಿ, ‘28 ಬರ್ತೈತಿ, ನಡೀತೈತಲ್ಲ ಅಣ್ಣಾ?’ ಎಂದ.