ಕಣ್ಣಿನ ಮಾಂಸವೃದ್ಧಿ: ಹೊಲಿಗೆಯೋ, ಅಂಟೋ?

ಬಿಸಿಲು, ಗಾಳಿ, ಧೂಳುಗಳಲ್ಲಿ ದುಡಿಯುವ ರೈತರ ಮತ್ತು ಮೀನುಗಾರರ ಕಣ್ಣಿನಲ್ಲಿ, ಮೂಗಿನ ಕಡೆಯ ಮೂಲೆಯಿಂದ ಕೆಂಪೇರಿದ ಮಾಂಸದ ಪದರವೊಂದು ಕರಿಗುಡ್ಡೆಯತ್ತ ಹರಿದು ಬಂದಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಪಾಶ್ಚಾತ್ಯ ವೈದ್ಯರು ಇದಕ್ಕೆ ಟೆರಿಜಿಯಂ ಎನ್ನುತ್ತಾರೆ; ಗ್ರೀಕ್ ಭಾಷೆಯಲ್ಲಿ ಚಿಕ್ಕ ರೆಕ್ಕೆಯೆಂದು ಅದರ ಅರ್ಥ. ಸುಶ್ರುತಾಚಾರ್ಯರು ಉತ್ತರತಂತ್ರದಲ್ಲಿ ಇದನ್ನೇ ಹೋಲುವ ವ್ಯಾಧಿಯನ್ನು ಅರ್ಮವೆಂದು ಕರೆದು, ಅದರಲ್ಲಿ ಐದು ಭೇದಗಳನ್ನು ಹೇಳಿ, ಕೊಕ್ಕೆಯಿಂದ ಎತ್ತಿ ಹಿಡಿದು ಛೇದಿಸುವ ಕ್ರಮವನ್ನು ವಿವರಿಸಿದ್ದಾರೆ. ಛೇದನವು ಅಪೂರ್ಣವಾದರೆ ಅದು ಶೀಘ್ರವಾಗಿ ಮರಳಿ ಬೆಳೆಯುವುದೆಂದೂ ಎಚ್ಚರಿಸಿದ್ದಾರೆ.

ಈ ಮರುಬೆಳವಣಿಗೆಯೇ ಇಂದಿಗೂ ವೈದ್ಯರನ್ನು ಕಾಡುವ ತೊಡಕು. ಮಾಂಸವನ್ನು ಕತ್ತರಿಸಿ ಬಿಳಿಯ ಭಾಗವನ್ನು ಬರಿದಾಗಿ ಬಿಟ್ಟರೆ ಬಹುಮಂದಿಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಆದುದರಿಂದ ಅದೇ ಕಣ್ಣಿನ ಮೇಲ್ರೆಪ್ಪೆಯ ಮರೆಯಿಂದ ತೆಳುವಾದ ಪೊರೆಯನ್ನು ತೆಗೆದು ಬರಿದಾದ ಸ್ಥಳಕ್ಕೆ ಹೊದಿಸುವರು. 1985ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಅವರ ಸಹೋದ್ಯೋಗಿಗಳು ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಈ ಕ್ರಮವು ಬಹುವಾಗಿ ಪ್ರಚಾರಕ್ಕೆ ಬಂದಿತು. ಹೊದಿಸಿದ ಪೊರೆಯನ್ನು ನಿಲ್ಲಿಸುವುದು ಹೇಗೆಂಬುದೇ ಮುಂದಿನ ಪ್ರಶ್ನೆ.

ಹಳೆಯ ಮಾರ್ಗ ಹೊಲಿಗೆ. ತಲೆಗೂದಲಿಗಿಂತಲೂ ಸೂಕ್ಷ್ಮವಾದ ದಾರದಿಂದ ಹೊಲಿದರೆ ಪೊರೆಯು ಭದ್ರವಾಗಿ ನಿಲ್ಲುವುದು. ಆದರೆ ಅದಕ್ಕೆ ಸಮಯ ಹೆಚ್ಚು ಬೇಕು. ದಾರದ ತುದಿಗಳು ರೆಪ್ಪೆಗೆ ತಗುಲಿ, ಮರಳು ಬಿದ್ದಂತೆ ಚುಚ್ಚಿ, ಕೆಲವು ದಿನಗಳವರೆಗೆ ನೀರು ಸುರಿಸುವುವು. ಕರಗದ ದಾರವಾದರೆ ಮತ್ತೊಮ್ಮೆ ಹೋಗಿ ತೆಗೆಸಿಕೊಳ್ಳಬೇಕು.

ಹೊಸ ಮಾರ್ಗ ಫೈಬ್ರಿನ್ ಎಂಬ ಅಂಟು. ಗಾಯವಾದಾಗ ನಮ್ಮ ರಕ್ತವು ಹೆಪ್ಪುಗಟ್ಟುವುದಷ್ಟೆ? ಆ ಕ್ರಿಯೆಯ ಕಡೆಯ ಹೆಜ್ಜೆಯನ್ನೇ ಇಲ್ಲಿ ಅನುಕರಿಸಿದ್ದಾರೆ. ಫೈಬ್ರಿನೋಜನ್, ಥ್ರಾಂಬಿನ್ ಎಂಬೆರಡು ದ್ರವ್ಯಗಳು ಕಲೆತೊಡನೆ ಜಾಲದಂತೆ ಗಟ್ಟಿಯಾಗಿ ಪೊರೆಯನ್ನು ಹಿಡಿಯುವುವು. ಬಳಿಕ ದೇಹವೇ ಆ ಅಂಟನ್ನು ಕರಗಿಸಿಕೊಳ್ಳುವುದು. 2016ರಲ್ಲಿ ಕಾಕ್ರೇನ್ ಸಂಸ್ಥೆಯು ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದಾಗ, ಅಂಟಿನಿಂದ ಶಸ್ತ್ರಕ್ರಿಯೆಯು ಸರಾಸರಿ ಸುಮಾರು 17 ನಿಮಿಷ ಬೇಗ ಮುಗಿಯುವುದೆಂದೂ ಮರುಬೆಳವಣಿಗೆಯು ಕಡಿಮೆಯಾಗಬಹುದೆಂದೂ ಕಂಡುಬಂದಿತು.

ಹಾಗೆಂದು ಅಂಟು ನಿರ್ದೋಷವಲ್ಲ. ಪೊರೆಯ ಅಂಚು ಬಿಡುವುದು, ಪೊರೆಯೇ ಜಾರುವುದು ಇದರಲ್ಲಿ ಹೆಚ್ಚೆಂದು ತೋರಿದೆ. ಬೆಲೆಯೂ ಅಧಿಕ. ದಾನಿಗಳ ರಕ್ತದ್ರವದಿಂದ ತಯಾರಾಗುವ ಕಾರಣ, ಪರೀಕ್ಷಿಸಿ ಶುದ್ಧಿಮಾಡಿದರೂ ಸೋಂಕಿನ ಶಂಕೆಯು ಅತ್ಯಲ್ಪವಾಗಿ ಉಳಿಯುವುದು. ಕೆಲವು ವೈದ್ಯರು ರೋಗಿಯ ಕಣ್ಣಿನಲ್ಲೇ ಒಸರುವ ರಕ್ತವನ್ನು ಅಂಟಾಗಿ ಬಳಸುವುದೂ ಉಂಟು. ಇದಕ್ಕೆ ಪ್ರತ್ಯೇಕ ಖರ್ಚಿಲ್ಲ, ಆದರೆ ಹಿಡಿತ ಸಡಿಲ.

ಮಾಂಸವು ಚಿಕ್ಕದಾಗಿದ್ದು ದೃಷ್ಟಿಗೆ ಅಡ್ಡಬಾರದಿದ್ದರೆ ಶಸ್ತ್ರವೇ ಬೇಕಾಗದಿರಬಹುದು. ಬೇಕೆಂದು ವೈದ್ಯರು ಹೇಳಿದಲ್ಲಿ, ಪೊರೆಯನ್ನು ಹೊದಿಸುವರೇ, ಯಾವುದರಿಂದ ನಿಲ್ಲಿಸುವರು, ಖರ್ಚೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಗೃಹಸ್ಥರು ಸಂಕೋಚವಿಲ್ಲದೆ ಕೇಳತಕ್ಕದ್ದು. ಹೊಲಿಗೆಯಾಗಲಿ ಅಂಟಾಗಲಿ, ಕಣ್ಣುಜ್ಜದಿರುವುದೂ ಹೇಳಿದ ದಿನಗಳಂದು ತಪ್ಪದೆ ತೋರಿಸುವುದೂ ರೋಗಿಯ ಕರ್ತವ್ಯ. ಬಿಸಿಲಿನಲ್ಲಿ ದುಡಿಯುವವರು ಅಗಲವಾದ ಟೋಪಿಯನ್ನೂ ಕಪ್ಪು ಕನ್ನಡಕವನ್ನೂ ಧರಿಸಿದರೆ ಕಣ್ಣಿಗೆ ಅದೇ ಮೊದಲ ರಕ್ಷೆ.