ಲಾರಿಯಷ್ಟೇ ಎತ್ತರದ ಟೇಪ್‌ರೆಕಾರ್ಡರ್

ಕೌಲಾಲಂಪುರದಿಂದ ಬರುವ ಲೋಕಲ್ ರೈಲಿನ ಹಳಿ ಕ್ಲಾಂಗ್ ಬಂದರಿನಲ್ಲಿ ಮುಗಿಯುತ್ತದೆ. ನಿಲ್ದಾಣದ ಮಗ್ಗುಲಲ್ಲೇ ಪುಲಾವ್ ಕೇತಮ್ ದ್ವೀಪಕ್ಕೆ ಹೋಗುವ ಲಾಂಚುಗಳ ಕಟ್ಟೆ. ರಸ್ತೆಗಳ ತುಂಬ ಕಂಟೇನರ್ ಲಾರಿಗಳು. ಸರಕು ಸಾಗಣೆಯ ಕೆಲಸದಲ್ಲಿರುವ ಮೈಸೂರು ಸೀಮೆಯ ಕನ್ನಡಿಗರೊಬ್ಬರ ಮನೆ ಅಲ್ಲಿಗೆ ಹತ್ತಿರ. ಹಜಾರದ ಒಂದು ಗೋಡೆಯುದ್ದಕ್ಕೂ ಗಾಜಿನ ಷೋಕೇಸ್, ಅದರ ತುಂಬ ಆಕ್ಷನ್ ಫಿಗರ್‌ಗಳು. ಅದನ್ನು ನೋಡಲೆಂದೇ ಹೋಗಿದ್ದೆ. ನೋಡಿ ಬಂದ ಮೇಲೆ ಬೇರೆ ವಿಷಯ ಬರೆಯಲು ಕೈ ಓಡುತ್ತಿಲ್ಲ.

ಮೇಲಿನ ಅರೆಯಲ್ಲಿ ಒಂದಡಿಯ ಗೊಂಬೆಗಳು, ಅದರ ಕೆಳಗೆ ಆರಿಂಚಿನವು, ಇನ್ನೂ ಕೆಳಗೆ ಬೆರಳುದ್ದದ ಸೈನಿಕರು. ಇಷ್ಟು ಅಚ್ಚುಕಟ್ಟಾಗಿ ಅಳತೆ ನೋಡಿ ಜೋಡಿಸಿದ ಮನುಷ್ಯ ಒಂದು ಅರೆಯನ್ನು ಮಾತ್ರ ಬೆರಕೆಯಾಗಿ ಬಿಟ್ಟಿದ್ದರು. ಅದು ರೂಪ ಬದಲಿಸುವ ರೋಬೋಗಳ, ಅಂದರೆ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಅರೆ. ಅದರಿಂದ ಎರಡು ರೋಬೋಗಳನ್ನು ಹೊರತೆಗೆದು ಮೇಜಿನ ಮೇಲೆ ಜೊತೆಯಾಗಿ ನಿಲ್ಲಿಸಿದರು. ಒಂದು ಕೆಂಪು ನೀಲಿಯ ಆಪ್ಟಿಮಸ್ ಪ್ರೈಮ್, ಇನ್ನೊಂದು ಕಡುನೀಲಿಯ ಸೌಂಡ್‌ವೇವ್. ಎತ್ತರದಲ್ಲಿ ಒಬ್ಬರಿಗೊಬ್ಬರು ಸರಿಜೋಡಿ. ಆಮೇಲೆ ಎರಡನ್ನೂ ಮಡಚಿದರು. ಒಂದು ಟ್ರೇಲರ್ ಎಳೆಯುವ ಲಾರಿಯಾಯಿತು, ಇನ್ನೊಂದು ಅಂಗೈಯಲ್ಲಿ ಕೂರುವ ಟೇಪ್‌ರೆಕಾರ್ಡರ್ ಆಯಿತು. ಅದರ ಗುಂಡಿ ಒತ್ತಿದರೆ ಬಾಗಿಲು ಟಪ್ಪೆಂದು ತೆರೆದು ಪುಟಾಣಿ ಕ್ಯಾಸೆಟ್ ಹೊರಬರುತ್ತದೆ. ಕ್ಯಾಸೆಟ್ಟನ್ನು ಉಗುರಿನಿಂದ ಬಿಡಿಸಿದರೆ ರೆಕ್ಕೆ, ಕೊಕ್ಕು ಮೂಡಿ ಒಂದು ಹಕ್ಕಿ!

"ಈಗ ಹೇಳಿ ಸಾರ್, ಈ ಲಾರಿ ಓಡಿಸುವವನು ಈ ಟೇಪ್‌ರೆಕಾರ್ಡರ್ ಎತ್ತಬಲ್ಲನೇ?" ಎಂದು ಅವರು ಕೇಳಿದರು. ಎತ್ತಲಾರ. ಲಾರಿಯ ಲೆಕ್ಕದಲ್ಲಿ ನೋಡಿದರೆ ಅದು ಮನೆಯಷ್ಟು ದೊಡ್ಡ ಟೇಪ್‌ರೆಕಾರ್ಡರ್.

ಸಂಗ್ರಾಹಕರ ನಡುವೆ ಇದು ಹಳೆಯ ಜಗಳ. ಒಂದೇ ಕಥೆಯ, ಒಂದೇ ಕಂಪನಿಯ ಪಾತ್ರಗಳು ಅಕ್ಕಪಕ್ಕ ನಿಂತರೆ ಅಳತೆ ಹೊಂದುವುದಿಲ್ಲ. ಅಸಡ್ಡೆಯಿಂದ ಹೀಗಾಗಿದೆ ಎಂದು ಬಹಳ ಮಂದಿ ಬೈಯುತ್ತಾರೆ. ಸೌಂಡ್‌ವೇವ್‌ನ ಮಟ್ಟಿಗೆ ಅದು ನಿಜವಲ್ಲ.

ಜಪಾನಿನ ತಕಾರ ಕಂಪನಿ 1974ರಲ್ಲಿ ಮೈಕ್ರೋಮ್ಯಾನ್ ಎಂಬ ಸುಮಾರು 10 ಸೆಂಟಿಮೀಟರ್ ಎತ್ತರದ ಗೊಂಬೆಗಳನ್ನು ತಂದಿತು. ಕಥೆಯ ಪ್ರಕಾರ ಅವು ಯಾವುದೋ ದೊಡ್ಡ ಮನುಷ್ಯರ ಕಿರುರೂಪವಲ್ಲ. ಬೇರೆ ಲೋಕದಿಂದ ಬಂದ ಆ ಜೀವಿಗಳ ನಿಜವಾದ ಎತ್ತರವೇ ಅಷ್ಟು. ಅಂದರೆ ಸ್ಕೇಲ್ 1:1. ಅಂಥವರು ನಮ್ಮ ಮನೆಗಳಲ್ಲಿ ಅಡಗಿದ್ದಾರೆ ಎಂದಮೇಲೆ ಅವರ ಯಂತ್ರಗಳೂ ಮನೆಯ ಸಾಮಾನಿನ ವೇಷದಲ್ಲೇ ಇರಬೇಕಷ್ಟೆ. 1983ರ ಮೈಕ್ರೋ ಚೇಂಜ್ ಸರಣಿಯಲ್ಲಿ ಕ್ಯಾಮೆರಾ, ಸೂಕ್ಷ್ಮದರ್ಶಕ, ಪಿಸ್ತೂಲು, ಮೈಕ್ರೋಕ್ಯಾಸೆಟ್ ರೆಕಾರ್ಡರ್ ಎಲ್ಲ ಬಂದವು, ಎಲ್ಲವೂ ಹೆಚ್ಚುಕಡಿಮೆ ನಿಜ ಗಾತ್ರದಲ್ಲೇ.

ಅದೇ ತಕಾರದ ಇನ್ನೊಂದು ಸರಣಿ 1980ರ ಡಯಾಕ್ಲೋನ್. ಅಲ್ಲಿ ಲೆಕ್ಕವೇ ಬೇರೆ. ಮೂರು ಸೆಂಟಿಮೀಟರಿನ ಚಾಲಕ, ಪಾದಗಳಲ್ಲಿ ಅಯಸ್ಕಾಂತ, ಅವನು ಕೂರಲು ಕಾರು ಮತ್ತು ಲಾರಿ. ಸ್ಕೇಲ್ 1:60ರ ಆಸುಪಾಸು. 1984ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಈ ಎರಡೂ ಸರಣಿಗಳ ಆಟಿಕೆಗಳನ್ನು ಪಡೆದು, ಟ್ರಾನ್ಸ್‌ಫಾರ್ಮರ್ಸ್ ಎಂಬ ಒಂದೇ ಹೆಸರಿಟ್ಟು, ಒಂದೇ ಯುದ್ಧದ ಕಥೆಯಲ್ಲಿ ಎದುರುಬದುರು ನಿಲ್ಲಿಸಿತು. ಡಯಾಕ್ಲೋನ್ ಲಾರಿ ಆಪ್ಟಿಮಸ್ ಪ್ರೈಮ್ ಆಯಿತು, ಮೈಕ್ರೋ ಚೇಂಜ್ ರೆಕಾರ್ಡರ್ ಸೌಂಡ್‌ವೇವ್ ಆಯಿತು, ಪಿಸ್ತೂಲು ಖಳನಾಯಕ ಮೆಗಟ್ರಾನ್ ಆಯಿತು. ಗಿಡ್ಡ ಬೀಟಲ್ ಕಾರು ಬಂಬಲ್‌ಬೀ ಕೂಡ ಮೈಕ್ರೋ ಚೇಂಜ್‌ನದೇ. ಅದು ಕಾರಿನ ಆಟಿಕೆಯಾಗಿ ರೂಪ ಬದಲಿಸುವ ರೋಬೋ, ಆಟಿಕೆಯ ಗಾತ್ರವೇ ಅದರ ನಿಜ ಗಾತ್ರ! ಈ ಕಥೆಯ ಕಾರ್ಟೂನ್ ಮಾಡಿದವರಿಗೆ ಬೇರೆ ದಾರಿ ಇರಲಿಲ್ಲ. ಭಾರೀ ರೋಬೋಗಳು ಕಣ್ಣೆದುರೇ ಕುಗ್ಗಿ ಅಂಗೈ ಸೇರುತ್ತವೆ, ಹೇಗೆಂದು ಯಾರೂ ವಿವರಿಸುವುದಿಲ್ಲ.

ಹಾಗಾಗಿ ಆ ಅರೆಯಲ್ಲಿ ಅಳತೆ ತಪ್ಪಿಲ್ಲ. ಎರಡು ಸರಿಯಾದ ಅಳತೆಗಳು ಒಟ್ಟಿಗೆ ನಿಂತಿವೆ. ಇದು ತಿಳಿದ ಮೇಲೆ ನನಗೆ ಆ ಬೆರಕೆ ಅರೆಯೇ ಇಡೀ ಷೋಕೇಸಿನಲ್ಲಿ ಹೆಚ್ಚು ಪ್ರಿಯವಾಯಿತು.

ಉಳಿದ ಅರೆಗಳ ಲೆಕ್ಕದಲ್ಲಿ ಇಷ್ಟು ಸೊಗಸಿಲ್ಲ, ಅಲ್ಲಿರುವುದು ದುಡ್ಡಿನ ಲೆಕ್ಕ. 1964ರ ಸೈನಿಕ ಗೊಂಬೆ ಜಿ.ಐ. ಜೋ ಒಂದಡಿ ಎತ್ತರ, 1:6. 1973ರ ತೈಲ ಬಿಕ್ಕಟ್ಟಿನ ನಂತರ ಪ್ಲಾಸ್ಟಿಕ್ ದುಬಾರಿಯಾಯಿತು, ಗೊಂಬೆಗಳು ಕುಗ್ಗಿದವು. ಕೆನ್ನರ್ ಕಂಪನಿ 1978ರಲ್ಲಿ ಸ್ಟಾರ್ ವಾರ್ಸ್ ಗೊಂಬೆಗಳನ್ನು 3¾ ಇಂಚಿಗೆ ಇಳಿಸಿದ್ದು ಬಾಹ್ಯಾಕಾಶ ನೌಕೆಗಳ ಆಟಿಕೆಗಳೊಳಗೆ ಅವು ಕೂರಲೆಂದು. 1982ರಲ್ಲಿ ಜಿ.ಐ. ಜೋ ಕೂಡ ಅದೇ ಅಳತೆಗೆ ಬಂದ. ನಮ್ಮಲ್ಲಿ ಫನ್‌ಸ್ಕೂಲ್ ಮಾರಿದ ಜೋಗಳನ್ನು ಆಡಿ ಬೆಳೆದವರಿಗೆ ಗೊತ್ತಿರುವುದು ಈ ಬೆರಳುದ್ದದವನೇ. ಈಗ ಚಾಲ್ತಿಯಲ್ಲಿರುವುದು ಆರಿಂಚು, ಅಂದರೆ 1:12. ಅದೂ ಹೆಸರಿಗೆ ಮಾತ್ರ. ಅಚ್ಚು ಮಾಡಿಸುವುದು ಭಾರೀ ಖರ್ಚು, ಹಾಗಾಗಿ ಒಂದೇ ಮೈಗೆ ಬೇರೆ ಬೇರೆ ತಲೆ ಸಿಕ್ಕಿಸುತ್ತಾರೆ. ಕಾಮಿಕ್ಸ್‌ನ ವುಲ್ವರೀನ್ ಐದಡಿ ಮೂರಿಂಚಿನ ಕುಳ್ಳ, 1:12ರಲ್ಲಿ ಅವನು ಸುಮಾರು 13 ಸೆಂಟಿಮೀಟರ್ ಇರಬೇಕು. ಅಂಗಡಿಯಲ್ಲಿ ಎಷ್ಟೋ ಸಲ ಅವನು ಜೊತೆಗಾರರ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತಾನೆ.

ವಾಹನಗಳ ವಿಷಯದಲ್ಲಿ ಮೋಸ ಇನ್ನೂ ದೊಡ್ಡದು, ಅದು ಅರ್ಥವಾಗಲು ಕ್ಲಾಂಗ್‌ಗಿಂತ ಒಳ್ಳೆಯ ಜಾಗವಿಲ್ಲ. 1901ರಲ್ಲಿ ಪೋರ್ಟ್ ಸ್ವೆಟನ್‌ಹ್ಯಾಮ್ ಎಂದು ಶುರುವಾಗಿ 1972ರಲ್ಲಿ ಈಗಿನ ಹೆಸರು ಪಡೆದ ಈ ಬಂದರಿನಲ್ಲಿ 2023ರಲ್ಲಿ 20 ಅಡಿಯ ಲೆಕ್ಕದಲ್ಲಿ 1.4 ಕೋಟಿ ಕಂಟೇನರ್‌ಗಳ ವಹಿವಾಟು ನಡೆಯಿತು. ಇಷ್ಟೆಲ್ಲ ಸಾಧ್ಯವಾದದ್ದು ಪೆಟ್ಟಿಗೆಯ ಅಳತೆ ಜಗತ್ತಿನಾದ್ಯಂತ ಒಂದೇ ಇರುವುದರಿಂದ. ನಮ್ಮ ಮಿತ್ರರಿಗೆ ಆ ಅಂಕಿಗಳು ಬಾಯಿಪಾಠ. 40 ಅಡಿಯ ಕಂಟೇನರ್ 12.19 ಮೀಟರ್. 1:64ರಲ್ಲಿ ಅದು 19 ಸೆಂಟಿಮೀಟರ್, ಷೋಕೇಸಿಗೆ ಸಲೀಸು. 3¾ ಇಂಚಿನ ಗೊಂಬೆಗೆ ಹೊಂದುವ 1:18ರಲ್ಲಿ 68. ಆರಿಂಚಿನ ಗೊಂಬೆಗೆ ಹೊಂದುವ 1:12ರಲ್ಲಿ ಒಂದು ಮೀಟರಿಗೂ ಮಿಗಿಲು. ಅದನ್ನು ಯಾವ ಅಂಗಡಿಯವನು ಇಟ್ಟಾನು? ಸ್ಟಾರ್ ವಾರ್ಸ್‌ನ ಮಿಲೇನಿಯಂ ಫಾಲ್ಕನ್ ಕಥೆಯಲ್ಲಿ ಸುಮಾರು 34 ಮೀಟರ್ ಉದ್ದ. 3¾ ಇಂಚಿನ ಗೊಂಬೆಗೆ ಸರಿಯಾಗಿ ಮಾಡಿದರೆ ಆರಡಿಯ ಆಟಿಕೆ ಬೇಕು. ಕೆನ್ನರ್ 1979ರಲ್ಲಿ ಮಾರಿದ್ದು ಅರ್ಧ ಮೀಟರಿನದು. ಮಲೇಷ್ಯಾದಲ್ಲೇ, ಪಿನಾಂಗ್ ರಾಜ್ಯದ ಪ್ರೈನಲ್ಲಿ ತಯಾರಾಗುವ ಹಾಟ್‌ವೀಲ್ಸ್ ಕಾರುಗಳದ್ದೂ ಇದೇ ಕಥೆ. 1:64 ಎಂಬ ಹೆಸರು, ಆದರೆ ಬಸ್ಸೂ ಒಂದೇ ಅಳತೆಯ ಪ್ಯಾಕಿನ ರಟ್ಟಿಗೆ ಹಿಡಿಸಬೇಕು, ಪುಟ್ಟ ಕಾರೂ ಅದೇ ರಟ್ಟನ್ನು ತುಂಬಬೇಕು.

ಅದೇ ಮನೆಯಲ್ಲಿ ನವರಾತ್ರಿಗೆ ಗೊಂಬೆಯನ್ನೂ ಕೂರಿಸುತ್ತಾರೆ. ಮನೆಯೊಡತಿ ತವರಿನಿಂದ ತಂದ, ರಾಜ ರಾಣಿಯರ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ, ಕೆಳಗೆ ಆ ಗೊಂಬೆಗಳ ಮೊಣಕಾಲಿಗೂ ಬಾರದ ಆನೆ ಕುದುರೆ, ಪಕ್ಕದಲ್ಲಿ ಗುಡಿಗಿಂತ ದೊಡ್ಡ ಶೆಟ್ಟಿ ದಂಪತಿ. ಅಲ್ಲಿ ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ, ಹಿಡಿಯಲೂಬಾರದು. ರಾಜ ರಾಣಿಯರು ದೊಡ್ಡವರಾಗಿರುವುದು ಅವರ ಪದವಿಗೆ, ಉಳಿದವು ಒಂದೊಂದು ವರ್ಷ ಒಂದೊಂದು ಊರಿನಿಂದ ಬಂದವು. ಆದರೆ ಈ ಉದಾರತೆಯನ್ನು ಆಟಿಕೆ ಕಂಪನಿಗಳಿಗೆ ತೋರಿಸಲು ನನ್ನ ಮನಸ್ಸು ಒಪ್ಪದು. ಗೊಂಬೆ ಹಬ್ಬದ ಶೆಟ್ಟಿಯನ್ನು ಯಾರೂ ಸ್ಕೇಲ್ ಹೇಳಿ ಮಾರಿಲ್ಲ. ಇವರು ಹೇಳಿ ಮಾರುತ್ತಾರೆ, ಇಡೀ ಸರಣಿ ಕೊಂಡರೆ ಒಂದು ಲೋಕವೇ ನಿಮ್ಮದು ಎಂದು ಆಸೆ ಹುಟ್ಟಿಸುತ್ತಾರೆ. ಡಿಲಕ್ಸ್, ವಾಯೇಜರ್, ಲೀಡರ್ ಎಂಬ ಟ್ರಾನ್ಸ್‌ಫಾರ್ಮರ್ಸ್ ದರ್ಜೆಗಳು ಮೂಲತಃ ಬೆಲೆಯ ದರ್ಜೆಗಳು, ಪಾತ್ರದ ಎತ್ತರ ಆಮೇಲಿನ ಮಾತು.

ಸರಿಪಡಿಸಲಾಗದ ಕೆಲಸವೇನಲ್ಲ. ತಕಾರ 2003ರಲ್ಲಿ ಶುರುಮಾಡಿದ ಮಾಸ್ಟರ್‌ಪೀಸ್ ಸರಣಿಯ ಮೊದಲ ಆಪ್ಟಿಮಸ್ ದೈತ್ಯನಾಗಿದ್ದ. 2011ರಲ್ಲಿ ಅವನನ್ನು ಚಿಕ್ಕದಾಗಿ ಮತ್ತೆ ಮಾಡಿದರು, ಆಮೇಲೆ ಬಂದ ಕಾರುಗಳು ಅವನ ಪಕ್ಕದಲ್ಲಿ ಒಪ್ಪುವಂತೆ ನಿಂತವು. ಮನಸ್ಸಿದ್ದರೆ ಆಗುತ್ತದೆ. ಅದು ಆಗದ ಕಡೆ ಪೆಟ್ಟಿಗೆಯ ಮೇಲೆ ಗೊಂಬೆಯ ಎತ್ತರವನ್ನು ಸೆಂಟಿಮೀಟರಿನಲ್ಲಿ, ಸ್ಕೇಲನ್ನು ಸುಳ್ಳಿಲ್ಲದೆ ಮುದ್ರಿಸಲಿ. ಸಂಬಳದಲ್ಲಿ ಉಳಿಸಿ ಕೊಳ್ಳುವವರಿಗೆ ಅಷ್ಟಾದರೂ ಸಲ್ಲಬೇಕು.

ಹಳೆಯ ಸೌಂಡ್‌ವೇವ್‌ನನ್ನು ಮಾತ್ರ ಯಾರೂ ತಿದ್ದುವುದು ಬೇಡ. ಸಿನಿಮಾದವರು ತಿದ್ದಲು ಹೋದರು. ರೋಬೋ ಕುಗ್ಗುವುದು ನಂಬಲಾಗದ ಮಾತೆಂದು 2009ರ ಟ್ರಾನ್ಸ್‌ಫಾರ್ಮರ್ಸ್ ಚಿತ್ರದಲ್ಲಿ ಅವನನ್ನು ಉಪಗ್ರಹವನ್ನಾಗಿ ಮಾಡಿದರು. ಗಾತ್ರದ ಲೆಕ್ಕ ಸರಿಹೋಯಿತು, ಗುಂಡಿ ಒತ್ತಿದರೆ ಹಕ್ಕಿ ಹಾರಿಬರುವ ಸುಖ ಹೋಯಿತು. ಆ ಸುಖವಿರುವುದು ನಿಜವಾದ ಕ್ಯಾಸೆಟ್ಟಿನ ಗಾತ್ರದಲ್ಲಿ, ಮಗುವಿನ ಹೆಬ್ಬೆರಳಿಗೆ ಸಿಗುವ ಆ ಗುಂಡಿಯಲ್ಲಿ. ಲಾರಿಯ ಅಳತೆಗೆ ಇಳಿಸಿದ್ದರೆ ಅದು ಕಣ್ಣಿಗೂ ಕಾಣುತ್ತಿರಲಿಲ್ಲ.