ಕುದುರೆಯ ಮೈಗುರುತುಗಳೂ ಪ್ರದರ್ಶನದ ತೀರ್ಪೂ



ಕುದುರೆಗಳ ಪ್ರದರ್ಶನವನ್ನು ನೋಡಹೋದವರ ಕಣ್ಣು ಮೊದಲು ಬೀಳುವುದು ಕುದುರೆಯ ಬಣ್ಣದ ಮೇಲೆ. ಆಮೇಲೆ ಹಣೆಯ ಬಿಳುಪಿನ ಮೇಲೆ, ಕಾಲುಗಳ ಬಿಳುಪಿನ ಮೇಲೆ. “ಎಷ್ಟು ಲಕ್ಷಣವಾದ ಕುದುರೆ!” ಎಂದು ಉದ್ಗರಿಸುವಾಗ ಅನೇಕರ ಮನಸ್ಸಿನಲ್ಲಿರುವುದು ಈ ಗುರುತುಗಳೇ. ಆದರೆ ಅಂಗಣದ ನಡುವೆ ನಿಂತ ತೀರ್ಪುಗಾರನು ಇವುಗಳಿಗೆ ಎಷ್ಟು ಬೆಲೆ ಕೊಡಬೇಕು? ಗುರುತೆಂಬುದು ಗುಣವೇ, ಇಲ್ಲವೆ ಬರಿಯ ಹೆಸರಿನ ಚೀಟಿಯೇ? ಈ ಪ್ರಶ್ನೆಯನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ಗುರುತುಗಳ ಹೆಸರನ್ನು ತಿಳಿಯುವುದು ಒಳ್ಳೆಯದು. ನೊಸಲಿನ ನಡುವಣ ಬಿಳಿಯ ಚುಕ್ಕೆಯನ್ನು ಇಂಗ್ಲಿಷಿನಲ್ಲಿ ಸ್ಟಾರ್, ಎಂದರೆ ನಕ್ಷತ್ರ, ಎನ್ನುವರು. ಮೂಗಿನ ಗುಂಟ ಇಳಿಯುವ ಸಣ್ಣ ಗೆರೆ ಸ್ಟ್ರೈಪ್. ಅದೇ ಅಗಲವಾಗಿ ಮೂಗಿನ ಎಲುಬನ್ನು ಮುಚ್ಚಿದರೆ ಬ್ಲೇಜ್. ಹೊಳ್ಳೆಗಳ ನಡುವಣ ತುಣುಕು ಬಿಳುಪು ಸ್ನಿಪ್. ಕಾಲಿನ ಬಿಳುಪು ಗೊರಸಿನ ಮೇಲಂಚಿನಲ್ಲಿಯೇ ನಿಂತರೆ ಕಾರೊನೆಟ್. ಗಿಣ್ಣನ್ನು ದಾಟಿ ಸ್ವಲ್ಪ ಮೇಲೇರಿದರೆ ಸಾಕ್, ಎಂದರೆ ಗಿಡ್ಡ ಕಾಲುಚೀಲ. ಮಂಡಿಯವರೆಗೂ ಏರಿದರೆ ಸ್ಟಾಕಿಂಗ್, ಎಂದರೆ ಉದ್ದ ಕಾಲುಚೀಲ. ಇವಲ್ಲದೆ, ಕೂದಲು ತಿರುಗಿ ಸುತ್ತಿಕೊಂಡಿರುವ ಸುಳಿಗಳೂ ಹುಟ್ಟುಗುರುತುಗಳೇ. ಜೀನು ಉಜ್ಜಿ ಗಾಯವಾಗಿ, ಅದು ಮಾಯ್ದ ಮೇಲೆ ಬೆಳೆಯುವ ಬಿಳಿಗೂದಲು ಮಾತ್ರ ಹುಟ್ಟುಗುರುತಲ್ಲ. ಹಾಗೆಯೇ ಕಪ್ಪಾಗಿ ಹುಟ್ಟಿ ವಯಸ್ಸಾದಂತೆ ಬೆಳ್ಳಗಾಗುವ ಕುದುರೆಗಳುಂಟು. ಅವುಗಳ ಹಣೆಯ ಚುಕ್ಕೆ ಮೈಬಣ್ಣದಲ್ಲಿ ಕರಗಿಹೋದರೂ, ಮೈ ತೊಯ್ದಾಗ ಆ ಸ್ಥಳದ ನಸುಗೆಂಪು ಚರ್ಮ ಕಾಣಿಸಿಕೊಳ್ಳುವುದು.

ಈ ಬಿಳುಪು ಉಂಟಾಗುವುದೆಂತು? ಮರಿ ಗರ್ಭದಲ್ಲಿರುವಾಗ ಬಣ್ಣವನ್ನು ಕೊಡುವ ಜೀವಕಣಗಳು ಬೆನ್ನಿನ ಕಡೆಯಿಂದ ಹೊರಟು ಮೈಯೆಲ್ಲ ಹರಡುತ್ತವೆ. ಹಣೆ, ಮೂಗಿನ ತುದಿ, ಕಾಲಿನ ಕೊನೆ, ಇವು ಆ ಪ್ರಯಾಣದ ಕಟ್ಟಕಡೆಯ ಊರುಗಳು. ಅಲ್ಲಿಗೆ ಕಣಗಳು ತಲಪದಿದ್ದರೆ ಆ ಭಾಗ ಬೆಳ್ಳಗೆ ಉಳಿಯುವುದು. ಬಿಳುಪಿನ ಪ್ರಮಾಣಕ್ಕೆ ವಂಶದ ಗುಣವೇ ಬಹುಮಟ್ಟಿಗೆ ಕಾರಣವಾದರೂ ಅದರ ಆಕಾರವು ಗರ್ಭದೊಳಗಿನ ಆಕಸ್ಮಿಕಗಳಿಗೂ ಒಳಪಟ್ಟಿದೆ. 2003ರಲ್ಲಿ ಇಟಲಿಯಲ್ಲಿ ಮೊತ್ತಮೊದಲಿಗೆ ಒಂದು ಕುದುರೆಯ ಜೀವಕಣದಿಂದ ಅದರ ಪ್ರತಿರೂಪವನ್ನು ಪಡೆದರು. ಆಮೇಲೆ ಹುಟ್ಟಿದ ಇಂತಹ ಪ್ರತಿರೂಪಗಳಲ್ಲಿ, ವಂಶಬೀಜ ಒಂದೇ ಆಗಿದ್ದರೂ, ಬಿಳುಪಿನ ಆಕಾರ ಬೇರೆಬೇರೆಯಾಗಿರುವುದು ಕಂಡುಬಂದಿದೆ. ಮನುಷ್ಯನಿಗೆ ಹೆಬ್ಬೆಟ್ಟಿನ ಗೆರೆ ಹೇಗೋ ಕುದುರೆಗೆ ಇದು ಹಾಗೆ.

ನಮ್ಮ ಪೂರ್ವಿಕರು ಈ ಗುರುತುಗಳಲ್ಲಿ ಶುಭಾಶುಭಗಳನ್ನು ಓದಿದರು. ನಾಲ್ಕು ಕಾಲುಗಳೂ ಮುಖವೂ ಬೆಳ್ಳಗಿದ್ದರೆ ಆ ಕುದುರೆ ಪಂಚಕಲ್ಯಾಣಿ. ಇವುಗಳೊಡನೆ ಎದೆ, ಅಯಾಲು, ಬಾಲಗಳೂ ಬಿಳಿಯಾಗಿದ್ದರೆ ಅದು ಅಷ್ಟಮಂಗಲವೆಂದು ಹನ್ನೆರಡನೆಯ ಶತಮಾನದ ಹೇಮಚಂದ್ರನ ಕೋಶವು ಹೇಳುವುದು. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅಶ್ವಗಳ ವಿಚಾರಕ್ಕೆ ಎಡೆಗೊಟ್ಟನು. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ಹಯಸಾರಸಮುಚ್ಚಯವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅಶ್ವಶಾಸ್ತ್ರಗಳನ್ನು ಬರಿಯ ಮೌಢ್ಯವೆಂದು ಒಮ್ಮೆಗೇ ತಳ್ಳಿಬಿಡುವುದು ನ್ಯಾಯವಲ್ಲ. ಹಲ್ಲಿನಿಂದ ವಯಸ್ಸನ್ನು ಅರಿಯುವುದು, ಅಂಗಗಳ ಪ್ರಮಾಣ, ನಡಗೆ, ರೋಗ, ಚಿಕಿತ್ಸೆ, ಇವೆಲ್ಲವೂ ಆ ಶಾಸ್ತ್ರದಲ್ಲಿ ಸೇರಿವೆ.

ಈ ಪರಂಪರೆ ಇಂದಿಗೂ ಜೀವಂತವಾಗಿರುವುದು ರಾಜಸ್ಥಾನದ ಮಾರವಾಡಿ ಕುದುರೆಗಳನ್ನು ಸಾಕುವವರಲ್ಲಿ. ಕೊರಳಿನ ಸುಳಿಗೆ ಸಂಸ್ಕೃತದಲ್ಲಿ ದೇವಮಣಿಯೆಂದು ಹೆಸರು. ಅವರು ಅದನ್ನು ದೇವಮನ್ ಎಂದು ಕರೆದು ಶುಭವೆಂದೆಣಿಸುವರು. ಕಣ್ಣಿನ ಕೆಳಗಿನ ಸುಳಿಯನ್ನು ಕಣ್ಣೀರು ಸುರಿಸುವ ಸುಳಿಯೆಂದು ಹೇಳಿ ಅಶುಭವೆಂದು ಅಂಜುವರು. ನಾಲ್ಕು ಬಿಳಿಗಾಲುಗಳೊಡನೆ ಅಗಲವಾದ ಬ್ಲೇಜ್ ಇರುವ ಕುದುರೆ ಅವರಿಗೆ ಬಲು ಪ್ರಿಯ.

ಇದಕ್ಕೆ ನೇರ ವಿರುದ್ಧವಾದುದು ಇಂಗ್ಲೆಂಡಿನ ಹಳೆಯ ವ್ಯಾಪಾರಿಗಳ ನಂಬಿಕೆ. ಅವರ ಮಾತಿನಂತೆ ಬಿಳಿಗಾಲುಗಳ ಸಂಖ್ಯೆ ಹೆಚ್ಚಿದಷ್ಟೂ ಕುದುರೆಯ ಬೆಲೆ ಇಳಿಯಬೇಕು. ನಾಲ್ಕೂ ಬಿಳಿಯಾದರೆ ಕೊಳ್ಳಲೇಬಾರದು. ಇಲ್ಲಿ ಅರಮನೆಯ ಬಾಗಿಲನ್ನು ತೆರೆಯಿಸುವ ಗುರುತೇ ಅಲ್ಲಿ ಸಂತೆಯಿಂದ ಹೊರಗೆ ಅಟ್ಟಿಸುವುದು! ಬಿಳಿಯ ಗೊರಸು ಮೆತ್ತಗಿರುವುದೆಂಬುದು ಅವರು ಕೊಡುತ್ತಿದ್ದ ಕಾರಣ. ಪರೀಕ್ಷಿಸಿ ನೋಡಿದವರಿಗೆ ಕರಿಯ ಗೊರಸಿಗೂ ಬಿಳಿಯ ಗೊರಸಿಗೂ ಗಟ್ಟಿತನದಲ್ಲಿ ಅಂತಹ ಭೇದ ಕಂಡುಬಂದಿಲ್ಲ. ಬಿಳುಪಿನ ಕೆಳಗಣ ನಸುಗೆಂಪು ಚರ್ಮವು ಬಿಸಿಲಿಗೆ ಬೇಗ ಬೇಯುವುದೆಂಬುದು ಮಾತ್ರ ನಿಜ.

ಇನ್ನು ಪ್ರದರ್ಶನದ ಅಂಗಣಕ್ಕೆ ಬರೋಣ. ಸವಾರಿಯ ಕುದುರೆಗಳ ಸಾಮಾನ್ಯ ಸ್ಪರ್ಧೆಯಲ್ಲಿ ತೀರ್ಪುಗಾರನು ಎಣಿಸಬೇಕಾದುದು ಮೈಕಟ್ಟು, ನಡಗೆ, ವಿಧೇಯತೆ, ಈ ಮೂರನ್ನು. ಅಲ್ಲಿ ಗುರುತಿಗೆ ಅಂಕವಿಲ್ಲ. ಆದರೂ ಗುರುತು ಕಣ್ಣನ್ನು ಮೋಸಗೊಳಿಸಬಲ್ಲುದು. ಮೂರು ಕಾಲು ಕಪ್ಪಾಗಿದ್ದು ಒಂದು ಮಾತ್ರ ಬೆಳ್ಳಗಿದ್ದರೆ, ಹೆಜ್ಜೆ ಸಮವಾಗಿದ್ದರೂ ಆ ಕಾಲು ಎಡವುತ್ತಿರುವಂತೆ ತೋರುವುದು. ಬ್ಲೇಜ್ ಓರೆಯಾಗಿದ್ದರೆ ನೆಟ್ಟಗಿರುವ ಮುಖವೇ ಸೊಟ್ಟಗೆ ಕಾಣುವುದು. ನುರಿತ ತೀರ್ಪುಗಾರನು ಬಿಳುಪನ್ನು ಮನಸ್ಸಿನಲ್ಲಿಯೇ ಅಳಿಸಿ, ಎಲುಬು ಕೀಲುಗಳನ್ನು ನೋಡುವನು.

ತಳಿಗಳ ಪ್ರದರ್ಶನದ ಸಂಗತಿ ಬೇರೆ. ಅಲ್ಲಿ ತಳಿಯ ಸಂಘವು ವಿಧಿಸಿದ್ದೇ ಶಾಸನ. ಯಾರ್ಕ್‌ಷೈರ್ ಸೀಮೆಯ ಕ್ಲೀವ್‌ಲೆಂಡ್ ಬೇ ಕುದುರೆಗೂ ಹಾಲೆಂಡಿನ ಕರಿಯ ಫ್ರೀಸಿಯನ್ ಕುದುರೆಗೂ ಹಣೆಯಲ್ಲಿ ಸಣ್ಣ ಚುಕ್ಕೆಯೊಂದು ಸಲ್ಲುವುದು. ಅದಕ್ಕಿಂತ ಹೆಚ್ಚಿನ ಬಿಳುಪು ಕಳಂಕ. ಸ್ಕಾಟ್ಲೆಂಡಿನ ಭಾರ ಎಳೆಯುವ ಕ್ಲೈಡ್ಸ್‌ಡೇಲ್ ಕುದುರೆಗಾದರೋ ಅಗಲ ಬ್ಲೇಜೂ ಉದ್ದನೆಯ ಬಿಳಿಗಾಲುಗಳೂ ಕುಲದ ಹೆಮ್ಮೆ. ಅಮೆರಿಕದಲ್ಲಿ 1940ರಲ್ಲಿ ಸ್ಥಾಪಿತವಾದ ಕ್ವಾರ್ಟರ್ ಹಾರ್ಸ್ ಸಂಘವು, ಗೊತ್ತಾದ ಎಲ್ಲೆಯನ್ನು ಮೀರಿ ಬಿಳುಪಿದ್ದ ಮರಿಗಳನ್ನು ಬಹುಕಾಲ ತನ್ನ ವಂಶಾವಳಿಗೆ ಸೇರಿಸಲಿಲ್ಲ. ತಾಯಿತಂದೆಗಳು ಶುದ್ಧಕುಲದವರಾಗಿದ್ದರೂ ಮಗು ಪರಕೀಯವಾಯಿತು! ಅಂತಹ ಅಬಲಕು ಕುದುರೆಗಳನ್ನು ಮೆಚ್ಚಿದವರು 1960ರ ದಶಕದಲ್ಲಿ ಪೇಂಟ್ ಹಾರ್ಸ್ ಸಂಘವನ್ನು ಕಟ್ಟಿ, ಆ ಬಿಳುಪನ್ನೇ ಹಿರಿಮೆಯಾಗಿ ಮೆರೆಯಿಸಿದರು. ಹಳೆಯ ಸಂಘವು ತನ್ನ ನಿಷೇಧವನ್ನು ತೆಗೆದುಹಾಕಿದ್ದು 2004ರಲ್ಲಿ. ಅಷ್ಟು ವರ್ಷಗಳಲ್ಲಿ ಬದಲಾದುದು ಕುದುರೆಯಲ್ಲ, ಮನುಷ್ಯನ ಪುಸ್ತಕ.

ಚೆಲುವಿಗಾಗಿ ಗುರುತನ್ನು ಬೆಳೆಸಹೊರಟರೆ ಅಪಾಯವೂ ಉಂಟು. ಪೇಂಟ್ ಕುದುರೆಗಳಲ್ಲಿ ಫ್ರೇಮ್ ಎಂಬ ಒಂದು ಬಗೆಯ ಬಿಳುಪು ನೋಡಲು ಬಲು ಸೊಗಸು. ಆದರೆ ಗಂಡುಹೆಣ್ಣುಗಳೆರಡರಲ್ಲೂ ಅದರ ಬೀಜವಿದ್ದರೆ, ಹುಟ್ಟುವ ಮರಿ ನಾಲ್ಕರಲ್ಲೊಂದು ಪಾಲು ಅಚ್ಚ ಬಿಳುಪಾಗಿರುವ ಸಂಭವವುಂಟು. ಅಂತಹ ಮರಿಯ ಕರುಳಿನಲ್ಲಿ ನರಗಳು ಬೆಳೆದಿರುವುದಿಲ್ಲ. ತಿಂದುದು ಮುಂದೆ ಸಾಗದೆ ಕೆಲವೇ ದಿನಗಳಲ್ಲಿ ಅದು ಸಾಯುವುದು. ಬಣ್ಣದ ಕಣಗಳೂ ಕರುಳಿನ ನರಗಳೂ ಗರ್ಭದಲ್ಲಿ ಒಂದೇ ಮೂಲದಿಂದ ಹೊರಡುವುದೇ ಇದಕ್ಕೆ ಕಾರಣ. 1998ರಲ್ಲಿ ಈ ದೋಷದ ಬೀಜವನ್ನು ಗುರುತಿಸಿದ್ದರಿಂದ, ಜೊತೆಗೂಡಿಸುವ ಮೊದಲೇ ಪರೀಕ್ಷೆ ಮಾಡಿಸಿ ಈ ಸಂಕಟವನ್ನು ತಪ್ಪಿಸಲು ಸಾಧ್ಯವಾಗಿದೆ.

ಹಾಗಾದರೆ ಗುರುತಿನ ನಿಜವಾದ ಪ್ರಯೋಜನವೇನು? ಗುರುತಿಸುವುದೇ. ದೇಶದೇಶಗಳ ಸ್ಪರ್ಧೆಗೆ ಹೋಗುವ ಕುದುರೆಗೆ ರಹದಾರಿ ಪುಸ್ತಕವುಂಟು. ಅದರೊಳಗಿನ ಕುದುರೆಯ ರೇಖಾಚಿತ್ರದಲ್ಲಿ ಬಿಳುಪನ್ನು ಕೆಂಪು ಶಾಯಿಯಿಂದಲೂ ಸುಳಿಯನ್ನು ಗುಣಾಕಾರ ಚಿಹ್ನೆಯಿಂದಲೂ ತೋರಿಸಿರುವರು. ಚರ್ಮದೊಳಗೆ ಅಡಗಿಸುವ ಮೈಕ್ರೋಚಿಪ್ ಬಂದಮೇಲೂ ಈ ಚಿತ್ರ ಹೋಗಿಲ್ಲ. ಇದರ ಬೆಲೆ 1984ರ ಆಗಸ್ಟ್ 18ರಂದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಗೊತ್ತಾಯಿತು. ಫೈನ್ ಕಾಟನ್ ಎಂಬ ಸಾಧಾರಣ ಕುದುರೆಯ ಹೆಸರಿನಲ್ಲಿ, ಅದಕ್ಕಿಂತ ಬಹಳ ವೇಗವಾದ ಬೇರೊಂದು ಕುದುರೆಯನ್ನು ವಂಚಕರು ಓಡಿಸಿದರು. ಮೈಗೆ ಬಣ್ಣ ಕಟ್ಟಿ, ಇಲ್ಲದ ಬಿಳಿಗಾಲುಗಳನ್ನು ಬಳಿದ ಬಣ್ಣದಿಂದ ಮೂಡಿಸಿದ್ದರು. ಕುದುರೆ ಗೆದ್ದಿತು, ಕಾಲಿನ ಬಣ್ಣ ಕರಗಿ ಸೋರತೊಡಗಿತು, ಮೋಸ ಬಯಲಾಗಿ ಗೆಲುವು ರದ್ದಾಯಿತು. ಪ್ರದರ್ಶನಗಳಲ್ಲಿ ಇದ್ದ ಬಿಳುಪನ್ನು ತೊಳೆದು ಬೆಳಗುವುದಕ್ಕೆ ಅಡ್ಡಿಯಿಲ್ಲದಿದ್ದರೂ, ಇಲ್ಲದ್ದನ್ನು ಬರೆಯುವುದಕ್ಕೂ ಇದ್ದುದನ್ನು ಮುಚ್ಚುವುದಕ್ಕೂ ಅನೇಕ ಸಂಘಗಳು ಎಡೆಗೊಡದಿರುವುದು ಇದರಿಂದಲೇ.

ಆದುದರಿಂದ ಕುದುರೆಯನ್ನು ಕೊಳ್ಳುವವರೂ ತೀರ್ಪು ಹೇಳುವವರೂ ಗುರುತನ್ನು ಬರೆದಿಟ್ಟುಕೊಳ್ಳಲಿ, ತೂಗಿನೋಡದಿರಲಿ. ಪಂಚಕಲ್ಯಾಣಿಯ ಚೆಲುವಿಗೆ ಕಣ್ಣು ತಣಿಯುವುದು ಸಹಜ. ಆದರೆ ಸುಳಿಯ ನೆವದಿಂದ ದೃಢಕಾಯದ, ಸೌಮ್ಯಸ್ವಭಾವದ ಕುದುರೆಯೊಂದನ್ನು ಹೊರಗೆ ನೂಕಿದರೆ ನಷ್ಟವು ಕುದುರೆಗೂ ಹೌದು, ನೂಕಿದವನಿಗೂ ಹೌದು. ಸವಾರನನ್ನು ಹೊತ್ತು ನಡೆಯುವುದು ಕಾಲಿನ ಬಿಳುಪಲ್ಲ, ಕಾಲು.